1,100 ಗಂಟೆ ಆಡಿದೆ, ಇಟಲಿ ಒಂದಾಗಿದ್ದು ಮೂರೇ ಸಲ

ಯುರೋಪಾ ಯೂನಿವರ್ಸಾಲಿಸ್ 4, ಅಂದರೆ ಹಳೇ ಕಾಲದ ಒಂದು ರಾಜ್ಯ ಹಿಡಿದು ನಡೆಸುವ ಕಂಪ್ಯೂಟರ್ ಗೇಮ್, ಕೊಂಡು ಆರು ವರ್ಷ ಆಯಿತು. ಇವತ್ತಿಗೆ 1,100 ಗಂಟೆ ತೋರಿಸುತ್ತಿದೆ. ಅದರಲ್ಲಿ ಮುಕ್ಕಾಲು ಪಾಲು ಒಂದೇ ಹುಚ್ಚಿಗೆ ಹೋಗಿದೆ. ಇಟಲಿ ನಿಜವಾಗಿ ಒಂದು ರಾಜ್ಯವಾಗಿದ್ದು 1861ರಲ್ಲಿ. ಅದನ್ನು ರಿನೈಸಾನ್ಸ್ (ಪುನರುಜ್ಜೀವನ) ಕಾಲದಲ್ಲೇ ಮಾಡಿ ತೋರಿಸಬೇಕು ಅನ್ನೋ ಹಟ. ಮೂರು ಸಲ ಗೆದ್ದಿದ್ದೇನೆ. ಎಷ್ಟು ಸಲ ಮಣ್ಣು ಮುಕ್ಕಿದ್ದೇನೆ ಅಂತ ಮಾತ್ರ ಕೇಳಬೇಡಿ.

ಆಟ ಶುರುವಾಗುವುದು 1444ರ ನವೆಂಬರ್ 11ಕ್ಕೆ. ನಕ್ಷೆಯಲ್ಲಿ ನಮ್ಮ ವಿಜಯನಗರವೂ ಇದೆ, ಎರಡನೇ ದೇವರಾಯನ ಕಾಲದ್ದು. ಅದನ್ನು ಬಿಟ್ಟು ಉತ್ತರ ಇಟಲಿಯ ಮಿಲಾನ್ ಹಿಡಿದು ಕೂತಿದ್ದಕ್ಕೆ ಗೆಳೆಯರು ಈಗಲೂ ರೇಗಿಸುತ್ತಾರೆ. ಆ ವಿಜಯನಗರವನ್ನು ಕಂಡು ಊರಿಗೆ ಮರಳಿದ ನಿಕೊಲೊ ಕೊಂಟಿ ವೆನಿಸ್ ಕಡೆಯವನೇ ಅಲ್ವಾ ಅಂತ ನಾನೂ ವಾದ ಮಾಡುತ್ತೇನೆ.

ಮಿಲಾನ್ ಹಿಡಿದರೆ ಮೊದಲ ತಲೆನೋವು ದೊರೆಯದ್ದೇ. ಫಿಲಿಪ್ಪೊ ಮಾರಿಯಾ ವಿಸ್ಕೊಂಟಿಗೆ ಗಂಡು ಮಕ್ಕಳಿಲ್ಲ. ಇತಿಹಾಸದಲ್ಲಿ ಅವನು 1447ರ ಆಗಸ್ಟ್‌ನಲ್ಲಿ ಸತ್ತ. ಮರುದಿನವೇ ಊರಿನವರು ಅಂಬ್ರೋಸಿಯನ್ ಗಣರಾಜ್ಯ ಅಂತ ಘೋಷಿಸಿದರು. 1450ರಲ್ಲಿ ಅವನ ಅಳಿಯ, ಬಾಡಿಗೆ ಸೇನಾನಾಯಕ ಫ್ರಾನ್ಸೆಸ್ಕೊ ಸ್ಫೋರ್ಜಾ ಊರಿಗೆ ಮುತ್ತಿಗೆ ಹಾಕಿ, ಹಸಿವಿನಿಂದ ಹಣ್ಣು ಮಾಡಿ, ತಾನೇ ಡ್ಯೂಕ್ ಆದ. ಗೇಮ್‌ನಲ್ಲೂ ಈ ಗಣರಾಜ್ಯದ ಘಟನೆ ಬರುತ್ತದೆ. ಮೊದಲ ಸಲ ನನಗೆ ತಲೆಬುಡ ಅರ್ಥವಾಗದೆ ಸುಮ್ನೆ ಏನೋ ಒತ್ತಿಬಿಟ್ಟಿದ್ದೆ.

ಈ ಗೇಮ್ ನನಗೆ ಯಾಕೆ ಬೇಜಾರಾಗಿಲ್ಲ ಅಂದರೆ, ಇಟಲಿ ಯಾಕೆ ಒಂದಾಗಲಿಲ್ಲ ಅನ್ನೋದು ಇಲ್ಲಿ ಬೆರಳ ತುದಿಗೆ ತಾಗುತ್ತದೆ. ಒಂದು ಊರು ನುಂಗಿದರೆ ಅಕ್ಕಪಕ್ಕದವರ ಸಿಟ್ಟು ಏರುತ್ತದೆ. ಇನ್ನೆರಡು ನುಂಗಿದರೆ ನಿನ್ನೆವರೆಗೂ ಒಬ್ಬರ ಮುಖ ಒಬ್ಬರು ನೋಡದ ವೆನಿಸ್, ಫ್ಲಾರೆನ್ಸ್, ಪೋಪ್ ಎಲ್ಲರೂ ಸೇರಿ ಮೈಮೇಲೆ ಬೀಳುತ್ತಾರೆ. ಉತ್ತರದ ಹೆಚ್ಚಿನ ರಾಜ್ಯಗಳು ಪವಿತ್ರ ರೋಮನ್ ಸಾಮ್ರಾಜ್ಯ ಅನ್ನೋ ಜರ್ಮನ್ ರಾಜ್ಯಗಳ ದೊಡ್ಡ ಕೂಟದೊಳಗೆ ಇರುವುದರಿಂದ ಆಸ್ಟ್ರಿಯಾದ ಚಕ್ರವರ್ತಿಯೂ ಇಳಿದು ಬರುತ್ತಾನೆ. ಅದಕ್ಕೇ ಹಳಬರು 15ನೇ ಶತಮಾನದ ಕೊನೆಗೆ ಬರುವ 'ಶ್ಯಾಡೋ ಕಿಂಗ್‌ಡಮ್' ಘಟನೆಗೆ ಕಾಯುತ್ತಾರೆ. ಆಗ ಇಟಲಿಯವರು ಸಾಮ್ರಾಜ್ಯದಿಂದ ಹೊರಬೀಳುತ್ತಾರೆ. ನಾನು ಇದನ್ನು ಕಲಿಯಲು ಎರಡು ವರ್ಷ ತೆಗೆದುಕೊಂಡೆ.

ನಿಜದಲ್ಲಿ ಆಗಿದ್ದೂ ಇದೇ. 1454ರಲ್ಲಿ ಇಟಲಿಯ ಲೋದಿ ಊರಿನಲ್ಲಿ ಆದ ಶಾಂತಿ ಒಪ್ಪಂದದ ಮೇಲೆ ಐದು ದೊಡ್ಡ ರಾಜ್ಯಗಳು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತವು. ಯಾರೂ ಬೆಳೆಯಬಾರದು, ಅಷ್ಟೇ. 1494ರಲ್ಲಿ ಫ್ರಾನ್ಸ್‌ನ ಎಂಟನೇ ಚಾರ್ಲ್ಸ್ ಆಲ್ಪ್ಸ್ ದಾಟಿ ಬಂದಾಗ ತಡೆಯುವವರೇ ಇರಲಿಲ್ಲ. ಅವನನ್ನು ಹುರಿದುಂಬಿಸಿ ಕರೆದವನು ಮಿಲಾನಿನ ಲುಡೊವಿಕೊ ಸ್ಫೋರ್ಜಾ.

ಇನ್ನು ನನ್ನ ಕೊರಗು. ಆಟ 42 ವರ್ಷ ತಡವಾಗಿ ಶುರುವಾಗುತ್ತದೆ! ಇಟಲಿಯನ್ನು ಒಂದು ಮಾಡುವ ಹತ್ತಿರಕ್ಕೆ ಬಂದವನು ಈ ಫಿಲಿಪ್ಪೊನ ಅಪ್ಪ, ಜಾನ್ ಗಲೆಯಾತ್ಸೊ ವಿಸ್ಕೊಂಟಿ. 1395ರಲ್ಲಿ ಸಾಮ್ರಾಜ್ಯದ ದೊರೆಗೆ ದುಡ್ಡು ಸುರಿದು ಡ್ಯೂಕ್ ಪಟ್ಟ ತಂದ. 1399ರಲ್ಲಿ ಪೀಸಾ, ಸಿಯೆನಾ ಅವನ ಕೈಗೆ ಬಂದವು. 1400ರಲ್ಲಿ ಪೆರುಜಾ. 1402ರ ಜೂನ್‌ನಲ್ಲಿ ಬೊಲೊನ್ಯಾ. ಫ್ಲಾರೆನ್ಸ್ ಒಂಟಿಯಾಗಿ, ಸುತ್ತುವರಿದು ಕೂತಿತ್ತು. ಸೆಪ್ಟೆಂಬರ್ 3ಕ್ಕೆ ಜ್ವರ ಬಂದು ಸತ್ತೇಹೋದ. ಐವತ್ತು ವಯಸ್ಸು. ಮಕ್ಕಳು ಚಿಕ್ಕವರು. ಸಂಬಳಕ್ಕಿದ್ದ ಸೇನಾನಾಯಕರೇ ಊರುಗಳನ್ನು ಹಂಚಿಕೊಂಡರು. ಫಾಚಿನೊ ಕಾನೆ ಅಲೆಸ್ಸಾಂಡ್ರಿಯಾವನ್ನೇ ತನ್ನದು ಮಾಡಿಕೊಂಡ. ಆ ಜ್ವರ ಬರದಿದ್ದರೆ ಅನ್ನೋ ಪ್ರಶ್ನೆಯನ್ನು ಆಡಿ ನೋಡಬೇಕು ನನಗೆ. ಈ ಗೇಮ್‌ನಲ್ಲಿ ಅದಕ್ಕೆ ದಾರಿ ಇಲ್ಲ.

ಬಾಡಿಗೆ ಸೈನ್ಯದ ವಿಷಯದಲ್ಲೂ ಗೇಮ್ ತುಂಬಾ ಸಾಧು. ದುಡ್ಡು ಕೊಟ್ಟರೆ ಹೇಳಿದಂತೆ ಕೇಳುತ್ತಾರೆ. ಆ ಕಾಲದ ಕೊಂಡೊತ್ತಿಯೆರಿಗಳು, ಅಂದರೆ ಬಾಡಿಗೆ ಸೇನಾನಾಯಕರು, ಹಾಗಿರಲಿಲ್ಲ ಅನ್ನೋದಕ್ಕೆ ಫ್ರಾನ್ಸೆಸ್ಕೊ ಸ್ಫೋರ್ಜಾನೇ ಸಾಕ್ಷಿ. ದೊರೆ ಅಕಾಲದಲ್ಲಿ ಸಾಯುವುದು ಮಾತ್ರ ಸರಿಯಾಗಿ ಬಂದಿದೆ. ಮಧ್ಯ ಇಟಲಿಯಲ್ಲಿ ಸ್ವಂತ ರಾಜ್ಯ ಕಟ್ಟಲು ಹೊರಟ ಚೇಸರೆ ಬೊರ್ಜಾಗೆ ಅಪ್ಪನೇ ಪೋಪ್ ಆಗಿದ್ದ. 1503ರ ಆಗಸ್ಟ್‌ನಲ್ಲಿ ಆ ಅಪ್ಪ ಸತ್ತ ಮೇಲೆ ಕೆಲವೇ ತಿಂಗಳಲ್ಲಿ ಕಟ್ಟಿದ್ದೆಲ್ಲ ಕುಸಿಯಿತು. ನನ್ನ ಎರಡನೇ ಗೆಲುವಿನ ಆಟದಲ್ಲೂ ಒಳ್ಳೆಯ ದೊರೆ ಯುದ್ಧದ ನಡುವೆ ಹೋಗಿ, ಮಗು ಪಟ್ಟಕ್ಕೆ ಬಂದು, ಹದಿನೈದು ವರ್ಷ ಕೈಕಟ್ಟಿ ಕೂತಿದ್ದೆ.

ಕೊಳ್ಳುವವರಿಗೆ: ಮೊದಲ ಐವತ್ತು ಗಂಟೆ ಏನೂ ಅರ್ಥವಾಗುವುದಿಲ್ಲ, ಗಾಬರಿ ಬೇಡ. ಕನ್ನಡದಲ್ಲಿ ಇಲ್ಲ, ಇಂಗ್ಲಿಷ್ ಓದು ಜಾಸ್ತಿ ಇದೆ. ಹೆಚ್ಚುವರಿ ಪ್ಯಾಕ್‌ಗಳನ್ನು ಒಟ್ಟಿಗೆ ಕೊಳ್ಳಬೇಡಿ. ಮೂಲ ಗೇಮ್ ಆಡಿ, ಇಷ್ಟವಾದರೆ ಸೇಲ್ ಬಂದಾಗ ಒಂದೊಂದೇ ತೆಗೆದುಕೊಳ್ಳಿ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಗೇಮ್‌ನ ಇಸವಿ 1600 ದಾಟಿದ ಮೇಲೆ ಆಟ ತೆವಳುತ್ತದೆ, ಫ್ಯಾನ್ ಸದ್ದಿಗೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ಈಗ ಫ್ಲಾರೆನ್ಸ್ ಹಿಡಿದಿದ್ದೇನೆ. ಇಸವಿ 1476. ಪೋಪ್ ನನ್ನನ್ನು ಧರ್ಮದಿಂದ ಹೊರಗೆ ಹಾಕಿದ್ದಾನೆ.