ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು: ಮೂರು ಬಗೆಯ ರೋಲ್ ಕೇಜ್ ಓಡಿಸಿ ನೋಡಿದ ಮೇಲೆ

ದಾವಣಗೆರೆಯ ನಮ್ಮ ಮನೆಯಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ 550 ಕಿ.ಮೀ.ಗೂ ಹೆಚ್ಚು ದೂರವಿದೆ. ಆ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿ.ಮೀ. ಇರುವುದರಿಂದ, ಒಂದು ದಿನದಲ್ಲಿ ಇಪ್ಪತ್ತು ಸುತ್ತು ಹೊಡೆದರೂ ಕಾರು ಅಲ್ಲಿ ಓಡುವುದು 74 ಕಿ.ಮೀ. ಮಾತ್ರ. ಹೋಗಿ ಬರುವ ಸಾವಿರದ ನೂರು ಕಿಲೋಮೀಟರನ್ನು, ಅದರ ಮೇಲೆ ವರ್ಷವಿಡೀ ಪಿ.ಬಿ. ರಸ್ತೆ, ಹದಡಿ ರಸ್ತೆಗಳಲ್ಲಿ ಓಡಾಡುವುದನ್ನು ನಾನು ಹೆಲ್ಮೆಟ್ ಇಲ್ಲದ ತಲೆಯಲ್ಲೇ ಮಾಡುತ್ತೇನೆ. ರೋಲ್ ಕೇಜ್, ಅಂದರೆ ಕಾರು ಮಗುಚಿದರೂ ಚಾವಣಿ ಕುಸಿಯದಂತೆ ಒಳಗೆ ಕೂರಿಸುವ ಉಕ್ಕಿನ ಪೈಪುಗಳ ಚೌಕಟ್ಟು, ಆರಿಸುವಾಗ ಈ ಲೆಕ್ಕವನ್ನು ಮೊದಲು ಹಾಕಬೇಕಿತ್ತು. ನಾನು ಹಾಕಿದ್ದು ಪೈಪುಗಳನ್ನು ಕೂರಿಸಿದ ಮೇಲೆ.

ನನ್ನದು ಹಳೆಯ 1.3 ಪೆಟ್ರೋಲ್ ಸ್ವಿಫ್ಟ್, ಸುಮಾರು ಸಾವಿರ ಕೆಜಿ ತೂಕದ ಕಾರು. ಅದರಲ್ಲಿ ಎರಡು ಬಗೆಯ ಕೇಜನ್ನು ತಿಂಗಳುಗಟ್ಟಲೆ ಓಡಿಸಿದ್ದೇನೆ: ಆರು ಕಾಲಿನ ಬೋಲ್ಟ್ ಕೇಜ್ ಮತ್ತು ಅದರ ಮುಂಭಾಗವನ್ನು ಬಿಚ್ಚಿ ಉಳಿಸಿಕೊಂಡ ನಾಲ್ಕು ಕಾಲಿನ ಹಾಫ್ ಕೇಜ್. ಮೂರನೆಯದು, ಪೂರ್ತಿ ವೆಲ್ಡ್ ಮಾಡಿದ ಕೇಜ್, ಚಿತ್ರದುರ್ಗದ ಗೆಳೆಯನ ಕಾರಿನಲ್ಲಿತ್ತು. ಅವನ ಕಾರನ್ನು ಎಂಟು ದಿನ ತಂದಿಟ್ಟುಕೊಂಡು ನನ್ನ ದಿನನಿತ್ಯದ ಕೆಲಸಗಳಿಗೆಲ್ಲ ಬಳಸಿದೆ.

ಮೂರಕ್ಕೂ ಸಾಮಾನ್ಯವಾದ ಮಾತೊಂದನ್ನು ಮೊದಲೇ ಹೇಳಬೇಕು. ಕೇಜಿನ ಬಲ ಇರುವುದು ಪೈಪಿನ ಗುಣದಲ್ಲಿ ಮತ್ತು ಅದರ ಕಾಲು ಊರುವ ಜಾಗದಲ್ಲಿ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ) ನಿಯಮದ ಪ್ರಕಾರ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪದ, ಅಥವಾ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪದ ಸೀಮ್‌ಲೆಸ್ (ಉದ್ದಕ್ಕೂ ಬೆಸುಗೆಯ ಗೆರೆಯಿಲ್ಲದ) ಉಕ್ಕಿನ ಪೈಪು ಬೇಕು. ಮುಖ್ಯ ಕಮಾನಿನ ಪ್ರತಿ ಕಾಲಿನ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಪ್ಲೇಟು ಇರಬೇಕು. ಬೋಲ್ಟುಗಳು ಎಂ8 (8 ಮಿ.ಮೀ. ವ್ಯಾಸ) ಅಳತೆಗಿಂತ ಚಿಕ್ಕವಾಗಿರಬಾರದು. ಪ್ಲೇಟು ಸಣ್ಣದಾದರೆ ಕಾರು ಮಗುಚಿದಾಗ ಪೈಪು ಬಾಗದೆ, ತೆಳ್ಳನೆಯ ನೆಲದ ತಗಡನ್ನೇ ತೂತು ಮಾಡಿಕೊಂಡು ಕೆಳಗಿಳಿಯುತ್ತದೆ. ನನ್ನ ಮೊದಲ ಕೇಜನ್ನು ಕೂರಿಸಿಕೊಟ್ಟವರು ಗೇಟಿಗೆ ಬಳಸುವ, ಉದ್ದಕ್ಕೂ ಬೆಸುಗೆ ಹಾಕಿದ ಪೈಪನ್ನೇ ಬಾಗಿಸಿದ್ದರು, ಬಾಗಿದ ಕಡೆಯೆಲ್ಲ ಅದು ಚಪ್ಪಟೆಯಾಗಿತ್ತು. ಅದನ್ನು ತೆಗೆಸಿ ಮತ್ತೆ ಮಾಡಿಸಿದೆ. ಆ ಹಣ ಹೋದದ್ದಕ್ಕೆ ನನಗೆ ಬೇಸರವಿಲ್ಲ, ಅದನ್ನು ನಂಬಿ ಎರಡು ತಿಂಗಳು ಓಡಿಸಿದ್ದಕ್ಕೆ ಇದೆ.

ಆರು ಕಾಲಿನ ಕೇಜಿನಲ್ಲಿ ಹಿಂದಿನ ಕಮಾನಿನಿಂದ ಎರಡು ಪೈಪುಗಳು ಚಾವಣಿಯ ಅಂಚಿನಲ್ಲೇ ಮುಂದೆ ಬಂದು, ಮುಂಗಾಜಿನ ಕಂಬದ ಪಕ್ಕದಲ್ಲಿ ಇಳಿದು, ಕಾಲಿಡುವ ಜಾಗದ ಮೂಲೆಯಲ್ಲಿ ಊರುತ್ತವೆ; ಬಾಗಿಲಿಗೆ ಅಡ್ಡವಾಗಿ ಒಂದೊಂದು ಪೈಪು ಇರುತ್ತದೆ. ಒಟ್ಟು ತೂಕ ಸುಮಾರು 40 ಕೆಜಿ ಬಂತು. ಟ್ರ್ಯಾಕಿನಲ್ಲಿ ಇದರ ಮೇಲೆ ನನಗೆ ದೂರೇ ಇಲ್ಲ. ಹೆಲ್ಮೆಟ್ ತೊಟ್ಟು, ದೇಹವನ್ನು ಎರಡೂ ಬದಿಯಿಂದ ಹಿಡಿದಿಡುವ ಬಕೆಟ್ ಸೀಟಿನಲ್ಲಿ ಹಾರ್ನೆಸ್ (ಹೆಗಲು, ಸೊಂಟಗಳನ್ನು ಸೀಟಿಗೆ ಕಟ್ಟುವ ರೇಸಿನ ಬೆಲ್ಟು) ಬಿಗಿದು ಕೂತವನಿಗೆ ನಾಲ್ಕೂ ಕಡೆ ಉಕ್ಕು ಇದೆ ಎಂಬ ಧೈರ್ಯ ಬರುತ್ತದೆ.

ತೊಂದರೆ ಊರೊಳಗೆ ಶುರುವಾಯಿತು. ಮುಂಗಾಜಿನ ಕಂಬಕ್ಕೆ ಅಂಟಿಕೊಂಡ 38 ಮಿ.ಮೀ. ಪೈಪಿಗೆ ಸ್ಪಂಜಿನ ಹೊದಿಕೆಯೂ ಸೇರಿದರೆ ಕಂಬ ಹೆಚ್ಚು ಕಡಿಮೆ ಎರಡರಷ್ಟು ದಪ್ಪವಾಗುತ್ತದೆ. ಜಯದೇವ ವೃತ್ತದಲ್ಲಿ ಬಲಕ್ಕೆ ತಿರುಗುವಾಗ ಒಂದು ಸ್ಕೂಟರು, ಅದರ ಮೇಲೆ ಕೂತ ಇಬ್ಬರು, ಪೂರ್ತಿಯಾಗಿ ಆ ಕಂಬದ ಹಿಂದೆ ಮರೆಯಾಗಿ ನನ್ನ ಬಂಪರಿನ ಹತ್ತಿರವೇ ಕಾಣಿಸಿಕೊಂಡರು. ಬ್ರೇಕ್ ಹಿಡಿಯಿತು, ಏನೂ ಆಗಲಿಲ್ಲ. ಆದರೆ ಕಾರೂ ಸ್ಕೂಟರೂ ಒಂದೇ ಲಯದಲ್ಲಿ ಚಲಿಸುತ್ತಿದ್ದರೆ ಆ ಮರೆ ಎಷ್ಟೋ ಸೆಕೆಂಡು ಹಾಗೆಯೇ ಮುಂದುವರಿಯುತ್ತದೆ ಎಂಬುದು ಅಂದು ಅರ್ಥವಾಯಿತು. ಅಂದಿನಿಂದ ಪ್ರತಿ ತಿರುವಿನಲ್ಲೂ ತಲೆಯನ್ನು ಹಿಂದೆ ಮುಂದೆ ಆಡಿಸಿ ನೋಡುವುದನ್ನು ರೂಢಿ ಮಾಡಿಕೊಂಡೆ; ಹಾರ್ನೆಸ್ ಬಿಗಿದಿದ್ದರೆ ಅದೂ ಸಾಧ್ಯವಿಲ್ಲ.

ಇನ್ನೂ ದೊಡ್ಡ ಆತಂಕ ತಲೆಯದು. ಸೀಟಿನಲ್ಲಿ ಕೂತಾಗ ನನ್ನ ಬಲಗಿವಿಯ ಮೇಲ್ಭಾಗಕ್ಕೂ ಚಾವಣಿಯಂಚಿನ ಪೈಪಿಗೂ ನಾಲ್ಕು ಬೆರಳಿನಷ್ಟೇ ಅಂತರವಿತ್ತು. ಕಾರಿನ ಸ್ವಂತ ಮೂರು ಬಿಂದುವಿನ ಬೆಲ್ಟು ದೇಹವನ್ನು ಒಂದಿಷ್ಟು ಚಲಿಸಲು ಬಿಟ್ಟೇ ನಿಲ್ಲಿಸುತ್ತದೆ. ಪಕ್ಕದಿಂದ ಸಾಧಾರಣ ವೇಗದಲ್ಲಿ ಗುದ್ದಿದರೂ ಬರಿತಲೆ ಆ ಪೈಪಿಗೆ ಬಡಿಯುತ್ತದೆ. ಕೇಜ್ ಇಲ್ಲದಿದ್ದರೆ ಮೂಗೇಟಿನಲ್ಲಿ ಮುಗಿಯಬಹುದಾದ ಅಪಘಾತವನ್ನು ಅದೇ ಕೇಜ್ ಪ್ರಾಣಕ್ಕೆ ತರಬಹುದು. ಪೈಪಿಗೆ ಮೊದಲು ಸುತ್ತಿಸಿದ್ದು ಏಸಿ ಪೈಪಿನ ಮೆತ್ತನೆಯ ಕಪ್ಪು ಸ್ಪಂಜು. ಹೆಬ್ಬೆರಳಿನಲ್ಲಿ ಒತ್ತಿದರೆ ಉಕ್ಕು ತಗಲುತ್ತಿತ್ತು. ಆಮೇಲೆ ಎಫ್‌ಐಎ 8857-2001 ಗುಣಮಟ್ಟದ ಗಟ್ಟಿ ಪ್ಯಾಡಿಂಗ್ ತರಿಸಿದೆ. ಅದು ಬಹಳ ಉತ್ತಮ, ಆದರೆ ಅದನ್ನು ರೂಪಿಸಿರುವುದು ಹೆಲ್ಮೆಟ್ ಹಾಕಿದ ತಲೆಗಾಗಿ. ಈಗಿನ ಹಲವು ಕಾರುಗಳಲ್ಲಿ ಚಾವಣಿಯಂಚಿನಿಂದಲೇ ಕರ್ಟನ್ ಏರ್‌ಬ್ಯಾಗ್ ಇಳಿಯುತ್ತದೆ. ಅಂಥ ಕಾರಿಗೆ ಈ ಕೇಜ್ ಹಾಕಿದರೆ ಅದರ ದಾರಿಗೇ ಅಡ್ಡ ಕಟ್ಟಿದಂತಾಗುತ್ತದೆ.

ಅಮ್ಮನಿಗೆ ಮೊಣಕಾಲು ನೋವು. ಬಾಗಿಲಿನ ಅಡ್ಡಪೈಪನ್ನು ದಾಟಿ ಕೂರಲು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು ಅವರು ಪಟ್ಟ ಪಾಡನ್ನು ಎರಡು ಸಲ ನೋಡಿದ ಮೇಲೆ ಎಡಬಾಗಿಲಿನ ಪೈಪನ್ನು ಬಿಚ್ಚಿಟ್ಟೆ.

ಗೆಳೆಯನ ವೆಲ್ಡ್ ಕೇಜ್ ಬೇರೆಯೇ ಜಾತಿಯದು. ಅಲ್ಲಿ ಪೈಪುಗಳು ಕಾರಿನ ದೇಹಕ್ಕೇ ಬೆಸೆದುಕೊಂಡಿರುವುದರಿಂದ ಇಡೀ ಕಾರು ಒಂದೇ ತುಂಡಿನಂತೆ ವರ್ತಿಸುತ್ತದೆ. ಚಿತ್ರದುರ್ಗದಿಂದ ಹೊರಟು ಹೆದ್ದಾರಿ 48ಕ್ಕೆ ಸೇರುವ ಮೊದಲೇ, ಸಸ್ಪೆನ್ಷನ್ ಮಾಡುವ ಪ್ರತಿಯೊಂದು ಸಣ್ಣ ಚಲನೆಯೂ ಸ್ಟೀರಿಂಗಿನಲ್ಲಿ ಸ್ಪಷ್ಟವಾಗಿ ತಿಳಿಯುತ್ತಿತ್ತು. ಇಷ್ಟು ನಿಖರವಾದ ಸ್ವಿಫ್ಟನ್ನು ನಾನು ಓಡಿಸಿರಲಿಲ್ಲ. ಆದರೆ ಕೇಜಿಗಾಗಿ ಒಳಗಿನ ಹೊದಿಕೆ, ನೆಲಹಾಸು, ಹಿಂದಿನ ಸೀಟು ಎಲ್ಲವನ್ನೂ ಕಿತ್ತಿದ್ದರು. ಏಪ್ರಿಲ್ ಮಧ್ಯಾಹ್ನ ಹೆಬ್ಬಾಳು ಟೋಲಿನ ಸಾಲಿನಲ್ಲಿ ನಿಂತಾಗ ಚಾವಣಿಯ ತಗಡಿನ ಕಾವು ನೇರವಾಗಿ ನೆತ್ತಿಗೆ ಬಡಿಯುತ್ತಿತ್ತು. ಚಕ್ರದಿಂದ ಸಿಡಿಯುವ ಜಲ್ಲಿಯ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಕಾನೂನಿನ ಪ್ರಶ್ನೆಯೂ ಇಲ್ಲಿ ಹೆಚ್ಚು ಗಂಭೀರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಆಸನಗಳ ಸಂಖ್ಯೆ, ಖಾಲಿ ತೂಕ ಎರಡೂ ಆ ಪತ್ರದಲ್ಲಿವೆ. ಬೋಲ್ಟಿನದಾದರೆ ಬಿಚ್ಚಿ ಮೂಲಸ್ಥಿತಿಗೆ ತರಬಹುದು. ವೆಲ್ಡಿಗೆ ಹಿಂದಿರುಗುವ ದಾರಿಯಿಲ್ಲ. ಗೆಳೆಯ ಈಗ ಆ ಕಾರನ್ನು ಟ್ರ್ಯಾಕಿಗೆ ಲಾರಿಯ ಮೇಲೆ ಹೇರಿಕೊಂಡೇ ಹೋಗುತ್ತಾನೆ, ಅವನ ಮಟ್ಟಿಗೆ ಅದೇ ಸರಿಯಾದ ತೀರ್ಮಾನ.

ನಾನು ಉಳಿಸಿಕೊಂಡದ್ದು ಹಾಫ್ ಕೇಜ್. ಮುಖ್ಯ ಕಮಾನು, ಹಿಂದಕ್ಕೆ ಎರಡು ಆಸರೆ, ಕರ್ಣವಾಗಿ ಒಂದು ಪೈಪು, ಹಾರ್ನೆಸ್ ಕಟ್ಟಲು ಹೆಗಲ ಮಟ್ಟದಲ್ಲಿ ಒಂದು ಅಡ್ಡಪೈಪು. ಎಲ್ಲ ಸೇರಿ 20 ಕೆಜಿಯ ಆಸುಪಾಸು. ಮುಂದಿನ ನೋಟಕ್ಕೆ ಅಡ್ಡಿಯಿಲ್ಲ, ಬಾಗಿಲು ಬಾಗಿಲಾಗಿಯೇ ಇದೆ, ಮಗುಚಿದಾಗ ಚಾವಣಿ ತಲೆಯ ಮೇಲೆ ಕುಸಿಯದಂತೆ ತಡೆಯುವ ಮುಖ್ಯ ಕೆಲಸ ಬಹುಪಾಲು ನಡೆಯುತ್ತದೆ. ಮುಂದಿನ ಕಂಬಗಳಿಗೂ ಬಾಗಿಲಿನ ಕಡೆಯ ಹೊಡೆತಕ್ಕೂ ಇದರಿಂದ ರಕ್ಷಣೆಯಿಲ್ಲ ಎಂಬುದನ್ನು ಒಪ್ಪಿಕೊಂಡೇ ಇದನ್ನು ಆರಿಸಿದೆ. ಇದರಲ್ಲೂ ತಲೆಯ ಅಪಾಯ ಪೂರ್ತಿ ತಪ್ಪಿಲ್ಲ: ಹಿಂದಿನಿಂದ ಲಾರಿ ಗುದ್ದಿದರೆ ಸೀಟಿನ ಬೆನ್ನು ಹಿಂದಕ್ಕೆ ಬಾಗಿ ತಲೆ ಕಮಾನಿಗೆ ತಗಲಬಹುದು. ಆದ್ದರಿಂದ ಸೀಟನ್ನು ಕೆಳಗಿಳಿಸಿ, ಒಂದು ಗೇಣು ಅಂತರ ಉಳಿಯುವಂತೆ ಹಿಂದಕ್ಕೆ ಸರಿಯದ ಹಾಗೆ ತಡೆ ಹಾಕಿಸಿದ್ದೇನೆ. ನನಗಿಂತ ಎತ್ತರದವರನ್ನು ಮುಂದಿನ ಸೀಟಿನಲ್ಲಿ ಕೂರಿಸುವುದಿಲ್ಲ. ಹಿಂದಿನ ಸೀಟು ಜಾಗದಲ್ಲೇ ಇದ್ದರೂ ಅಲ್ಲಿ ಯಾರನ್ನೂ, ಮಕ್ಕಳನ್ನಂತೂ, ಕೂರಿಸುವುದಿಲ್ಲ. ಆಸರೆಯ ಪೈಪುಗಳು ಅವರ ಮುಖದ ಮಟ್ಟದಲ್ಲೇ ಹಾದುಹೋಗುತ್ತವೆ.

ರಸ್ತೆಯಲ್ಲಿ ಕಾರಿನ ಸ್ವಂತ ಬೆಲ್ಟು, ಟ್ರ್ಯಾಕಿನಲ್ಲಿ ಹೆಲ್ಮೆಟ್ಟಿನ ಜೊತೆಗೆ ಆರು ಬಿಂದುವಿನ ಹಾರ್ನೆಸ್: ಇವೆರಡನ್ನೂ ಉಳಿಸಿಕೊಂಡಿದ್ದೇನೆ. ತೊಡೆಯ ನಡುವಿನ ಪಟ್ಟಿಯಿಲ್ಲದ ನಾಲ್ಕು ಬಿಂದುವಿನದು ಬೇಡವೆಂದದ್ದಕ್ಕೆ ಕಾರಣ, ಹೆಗಲ ಪಟ್ಟಿಗಳು ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಕ್ಕೆ ಎಳೆದು ದೇಹ ಅಡಿಯಿಂದ ಜಾರಬಹುದು ಎಂಬುದು. ವಿಮೆಯವರಿಗೆ ಕೇಜಿನ ವಿಷಯವನ್ನು ಬರೆದು ತಿಳಿಸಿದ್ದೇನೆ. ಊರಿನ ರೋಡ್ ಹಂಪುಗಳ ಕುಲುಕಾಟಕ್ಕೆ ಬೋಲ್ಟುಗಳು ಸಡಿಲವಾಗುವುದರಿಂದ ಸಾವಿರ ಕಿಲೋಮೀಟರಿಗೊಮ್ಮೆ ಟಾರ್ಕ್ ಪಾನಾದಿಂದ ಬಿಗಿ ನೋಡುತ್ತೇನೆ. ಕಳೆದ ಬಾರಿ ಎಡಗಡೆಯ ಹಿಂದಿನ ಕಾಲಿನದು ಕಾಲು ಸುತ್ತು ಸಡಿಲವಾಗಿತ್ತು. ಬಿಚ್ಚಿದ ಮುಂಭಾಗವನ್ನು ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಈ ಕಾರು ರಸ್ತೆ ಬಿಟ್ಟು ಬರೀ ಟ್ರ್ಯಾಕಿನದಾಗುವ ದಿನ ಅದನ್ನು ಕೆಳಗಿಳಿಸುತ್ತೇನೆ.