ಎಸ್.ಪಿ. ರಸ್ತೆಯಲ್ಲಿ ಕೊಂಡ ಡ್ರೈಯರ್ ಬೆಲ್ಟ್: ಮೂರು ತಿಂಗಳ ಬಳಕೆಯ ನಂತರ

ಕಳೆದ ಜುಲೈ ತಿಂಗಳಲ್ಲಿ, ಬೆಂಗಳೂರಿನ ಜಿಟಿಜಿಟಿ ಮಳೆಗೆ ಬಾಲ್ಕನಿಯ ಹಗ್ಗದಲ್ಲಿ ಒಂದು ಟವೆಲ್ ಕೂಡ ಒಣಗದ ದಿನಗಳಲ್ಲಿ, ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ನಮ್ಮ ಮನೆಯ ಡ್ರೈಯರ್ ಕೆಟ್ಟಿತು. ಸ್ವಿಚ್ ಹಾಕಿದರೆ ಮೋಟಾರಿನ ಸದ್ದು ಕೇಳುತ್ತಿತ್ತು, ಬಿಸಿಗಾಳಿಯೂ ಬರುತ್ತಿತ್ತು, ಆದರೆ ಡ್ರಮ್ ಮಾತ್ರ ತಿರುಗುತ್ತಿರಲಿಲ್ಲ. ನೋಡಲು ಬಂದ ಮೆಕ್ಯಾನಿಕ್ ಒಂದು ಸ್ಕ್ರೂ ಕೂಡ ಬಿಚ್ಚದೆ, ಮೋಟಾರ್ ಹೋಗಿದೆ, ಎಂಟು ಸಾವಿರ ಆಗುತ್ತದೆ ಎಂದು ಹೇಳಿ ಹೊರಟರು. ನಮ್ಮ ಯಂತ್ರದಲ್ಲಿ ಗಾಳಿ ಬೀಸುವ ಫ್ಯಾನನ್ನು ತಿರುಗಿಸುವುದೂ ಅದೇ ಮೋಟಾರ್ ಆದ್ದರಿಂದ ಆ ಮಾತನ್ನು ಒಪ್ಪಲು ಮನಸ್ಸಾಗಲಿಲ್ಲ.

ಪ್ಲಗ್ ಕಿತ್ತು, ಬಾಗಿಲು ತೆರೆದು, ಡ್ರಮ್ಮನ್ನು ಕೈಯಿಂದ ತಿರುಗಿಸಿ ನೋಡಿದೆ. ಡ್ರಮ್ಮನ್ನು ಮೋಟಾರಿಗೆ ಜೋಡಿಸುವ ಬೆಲ್ಟ್ ಸರಿಯಿದ್ದರೆ ಮೋಟಾರೂ ಜೊತೆಗೆ ತಿರುಗಬೇಕಾದ್ದರಿಂದ ಕೈಗೆ ಸ್ವಲ್ಪ ಬಿಗಿ ಹತ್ತುತ್ತದೆ. ನಮ್ಮದು ಒಂದು ಬೆರಳಿನ ನೂಕಿಗೇ ಸಲೀಸಾಗಿ ಸುತ್ತಿತು. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ಮೇಲಿನ ಮುಚ್ಚಳವನ್ನೂ ಪಕ್ಕದ ತಗಡನ್ನೂ ತೆಗೆದಾಗ, ತುಂಡಾದ ಬೆಲ್ಟ್ ತಳದಲ್ಲಿ ಬಟ್ಟೆಯ ನವಿರು ಧೂಳಿನ ನಡುವೆ ಬಿದ್ದಿತ್ತು. ವರ್ಷಗಟ್ಟಲೆ ಬಿಸಿಯಲ್ಲಿ ಸುತ್ತಿ ಸುತ್ತಿ ರಬ್ಬರ್ ಗಡುಸಾಗಿ, ಬಾಗಿಸಿದರೆ ಒಣಗಿದ ಹುಣಸೆಕಾಯಿಯ ಸಿಪ್ಪೆಯಂತೆ ಉದುರುತ್ತಿತ್ತು. ಆದರೂ ಅದರ ಬೆನ್ನಿನ ಮೇಲಿನ ಅಕ್ಷರಗಳು ಮಾಸಿರಲಿಲ್ಲ: 1930 ಎಚ್ 7. ಉದ್ದ 1930 ಮಿಲಿಮೀಟರ್, ಒಳಮೈಯ ಉದ್ದುದ್ದ ಗೆರೆಗಳ ಅಂತರ ಎಚ್ ಮಾದರಿಯದು, ಗೆರೆಗಳು ಏಳು.

ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಹಳೆಯ ಬೆಲ್ಟನ್ನು ತಪ್ಪದೆ ಜೊತೆಗೆ ಒಯ್ಯಬೇಕು. ಡ್ರೈಯರ್ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ನಿನಲ್ಲಿ ಬಟ್ಟೆ ಹಿಂಡುವ ಭಾಗವೇ ನೆನಪಾಗುತ್ತದೆ; ಮೊದಲ ಎರಡು ಅಂಗಡಿಗಳಲ್ಲಿ ಆ ಯಂತ್ರದ ವಿ ಬೆಲ್ಟನ್ನೇ ಮುಂದಿಟ್ಟರು. ಒಳ ಓಣಿಯ ಮೂರನೆಯ ಅಂಗಡಿಯವರು ಮಾತ್ರ ನನ್ನ ತುಂಡನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಗೆರೆಗಳನ್ನು ಒಂದೊಂದಾಗಿ ಎಣಿಸಿ, ಎರಡು ಬೆಲ್ಟುಗಳನ್ನು ಹೊರತೆಗೆದರು. ಜೆ ಮಾದರಿಯಲ್ಲಿ ಗೆರೆಗಳ ಅಂತರ 2.34 ಮಿಲಿಮೀಟರ್, ಎಚ್ ಮಾದರಿಯಲ್ಲಿ 1.6, ಉದ್ದ ಒಂದೇ ಆಗಿದ್ದರೂ ಜೆ ಬೆಲ್ಟ್ ನಿಮ್ಮ ಮೋಟಾರಿನ ಪುಲ್ಲಿಯ, ಅಂದರೆ ಬೆಲ್ಟ್ ಸುತ್ತುವ ಗಾಲಿಯ, ಮೇಲೆ ಕೂರುವುದಿಲ್ಲ ಎಂದು ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಆರುನೂರೈವತ್ತು ರೂಪಾಯಿ ಕೊಟ್ಟು ಬಂದೆ. ಆ ಐದು ನಿಮಿಷಗಳ ತಾಳ್ಮೆಗಾಗಿಯೇ ನಾನು ಮತ್ತೆ ಆ ಅಂಗಡಿಗೆ ಹೋಗುತ್ತೇನೆ.

ಜೋಡಿಸುವ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಗೆರೆಗಳಿರುವ ಮೈ ಡ್ರಮ್ಮಿನ ಕಡೆಗಿರುವಂತೆ ಬೆಲ್ಟನ್ನು ಸುತ್ತಿ, ಬೆಲ್ಟನ್ನು ಬಿಗಿಯಾಗಿಡುವ, ಸ್ಪ್ರಿಂಗ್ ಇರುವ ಬಿಗಿತದ ಪುಲ್ಲಿಯನ್ನು ಒಂದು ಕೈಯಿಂದ ತಳ್ಳಿ ಹಿಡಿದು, ಇನ್ನೊಂದು ಕೈಯಿಂದ ಬೆಲ್ಟನ್ನು ಮೋಟಾರಿನ ಪುಲ್ಲಿಗೆ ಏರಿಸಬೇಕು. ಮೋಟಾರ್ ಕೆಳಗಿನ ಮೂಲೆಯಲ್ಲಿರುವುದರಿಂದ ಕಣ್ಣಿಗೆ ಕಾಣದೆ ಬೆರಳಿನ ಅಂದಾಜಿನಲ್ಲೇ ಮಾಡಬೇಕಾದ ಕೆಲಸವಿದು. ತಗಡಿನ ಅಂಚು ಹರಿತವಾಗಿರುವುದರಿಂದ ಕೈಗವಸು ಅಗತ್ಯ. ಬಿಗಿತದ ಪುಲ್ಲಿಯ ಅಚ್ಚಿಗೆ ಧೂಳು ಸುತ್ತಿಕೊಂಡು ಅದು ಸರಾಗವಾಗಿ ತಿರುಗುತ್ತಿರಲಿಲ್ಲ. ಅದನ್ನು ಬಿಡಿಸದೆ ಹಾಕಿದ್ದರೆ ಹೊಸ ಬೆಲ್ಟೂ ಬೇಗನೆ ಸವೆಯುತ್ತಿತ್ತು. ಮುಚ್ಚುವ ಮೊದಲು ಡ್ರಮ್ಮನ್ನು ಕೈಯಿಂದ ಮೂರು ಸುತ್ತು ತಿರುಗಿಸಿ, ಬೆಲ್ಟ್ ಪಕ್ಕಕ್ಕೆ ಸರಿಯುತ್ತಿಲ್ಲವೆಂದು ಖಚಿತಪಡಿಸಿಕೊಂಡೆ.

ಬೆಲ್ಟಿನ ಮೇಲೆ ಒಂದೆರಡು ದೂರುಗಳಿವೆ. ಮೊದಲ ನಾಲ್ಕೈದು ಬಾರಿ ರಬ್ಬರಿನ ವಾಸನೆ ಬಂದಿತು. ಬಿಲ್ಲನ್ನು ನಾವಾಗಿಯೇ ಕೇಳಿ ಪಡೆಯಬೇಕು, ಕವರ್ ಹರಿದ ಮೇಲೆ ವಾಪಸು ಪಡೆಯುವುದಿಲ್ಲ. ಆದರೆ ಮೂರು ತಿಂಗಳಿಂದ ವಾರಕ್ಕೆ ನಾಲ್ಕು ಬಾರಿ, ಒದ್ದೆ ಬೆಡ್‌ಶೀಟುಗಳ ಭಾರಕ್ಕೂ ಜಾರದೆ, ಕಿರುಗುಟ್ಟದೆ ತಿರುಗುತ್ತಿದೆ. ಮುಂದಿನ ಸಲ ಅಕ್ಷರಗಳು ಮಾಸಿದ್ದರೂ ತೊಂದರೆಯಾಗದಂತೆ, ಬೆಲ್ಟಿನ ಸಂಖ್ಯೆಯನ್ನು ಯಂತ್ರದ ಹಿಂಬದಿಯ ತಗಡಿನ ಮೇಲೆ ಮಾರ್ಕರಿನಿಂದ ಬರೆದಿಟ್ಟಿದ್ದೇನೆ.