ವಿಗ್ರಹಾರಾಧನೆ ಬಗ್ಗೆ ಆಡಿಯೋ ಬೈಬಲ್ ಕೋರ್ಸ್: ನನ್ನ ಕಡೆಯಿಂದ 4 ಸ್ಟಾರ್

ಬೈಬಲ್‌ನಲ್ಲಿ ವಿಗ್ರಹಾರಾಧನೆ ಅನ್ನೋ ವಿಷಯದ ಮೇಲೆ 8 ಪಾಠದ ಆನ್‌ಲೈನ್ ಕೋರ್ಸ್ ಒಂದು ಮುಗಿಸ್ದೆ. ಬರೀ ಆಡಿಯೋ, ಪ್ರತಿ ಪಾಠಕ್ಕೂ ಪಿಡಿಎಫ್ ನೋಟ್ಸ್ ಇದೆ. ಸಂಡೇ ಸ್ಕೂಲಿಂದ ಕೇಳ್ಕೊಂಡು ಬಂದಿರೋ ಬಂಗಾರದ ಕರು ಕಥೆನೇ ತಾನೆ ಅಂದ್ಕೊಂಡೇ ಸೇರಿದ್ದು, ಆದ್ರೆ ಮೊದಲ್ನೇ ಪಾಠದಲ್ಲೇ ನಾನು ಆ ಕಥೆನ ಸರಿಯಾಗಿ ಓದೇ ಇರ್ಲಿಲ್ಲ ಅಂತ ಗೊತ್ತಾಯ್ತು.

ವಿಮೋಚನಕಾಂಡ 32ರಲ್ಲಿ ಮೋಶೆ ಬೆಟ್ಟದಿಂದ ಇಳಿಯೋದು ತಡ ಆಯ್ತು ಅಂತ ಇಸ್ರಾಯೇಲ್ ಜನ ಬಂಗಾರದ ಓಲೆ ಬಿಚ್ಚಿ ಕೊಟ್ಟು ಕರು ಮಾಡಿಸ್ಕೊಂಡ್ರು, ಇಷ್ಟು ಎಲ್ರಿಗೂ ಗೊತ್ತು, ಆದ್ರೆ 5ನೇ ವಚನದಲ್ಲಿ ಮೋಶೆಯ ಅಣ್ಣ ಆರೋನ ಆ ಕರು ಮುಂದೆನೇ ಯಜ್ಞವೇದಿ ಕಟ್ಟಿ ನಾಳೆ ಯೆಹೋವನಿಗೆ ಹಬ್ಬ ಅಂತ ಸಾರ್ತಾನೆ. ಬೇರೆ ದೇವರ ಹೆಸರಲ್ಲ, ಅವರದೇ ದೇವರಾದ ಯೆಹೋವನ ಹೆಸರೇ! ಹೆಸರು ಸರಿ ಇದ್ದೂ ಆರಾಧನೆ ದಾರಿ ತಪ್ಪಬಹುದು ಅನ್ನೋದೇ ಈ ಕೋರ್ಸಿನ ಜೀವಾಳ.

3ನೇ ಪಾಠ ಅಂತೂ ನಾನು ಮೂರು ಸಲ ಕೇಳ್ದೆ. ತಾಮ್ರದ ಸರ್ಪದ್ದು. ಅರಣ್ಯಕಾಂಡ 21ರಲ್ಲಿ ದೇವರೇ ಮಾಡು ಅಂತ ಹೇಳಿ ಮೋಶೆ ಕೈಲಿ ಮಾಡಿಸಿದ್ದು ಅದು, ಹಾವು ಕಚ್ಚಿದೋರು ಅದನ್ನ ನೋಡಿ ಬದುಕಿದ್ರು. ಅದೇ ಸರ್ಪಕ್ಕೆ ಮುಂದೆ ಜನ ಧೂಪ ಹಾಕೋಕೆ ಶುರು ಮಾಡಿದ್ರು, ನೆಹುಷ್ಟಾನ್ ಅಂತ ಹೆಸರು ಬೇರೆ, ಕೊನೆಗೆ ಹಿಜ್ಕೀಯ ಅರಸ ಅದನ್ನ ಒಡೆದು ಚೂರು ಮಾಡ್ಬೇಕಾಯ್ತು (2 ಅರಸುಗಳು 18:4). ದೇವರು ಕೊಟ್ಟ ಒಳ್ಳೇ ವಸ್ತುನೇ ದೇವರ ಜಾಗಕ್ಕೆ ಬಂದು ಕೂತಿತ್ತು. ಇದನ್ನ ಕೇಳ್ತಾ ನಂಗೆ ನನ್ನದೇ ನೆನಪಾಯ್ತು, ಒಂದ್ಸಲ ಕಷ್ಟದಲ್ಲಿ ಮಾಡಿದ ಪ್ರಾರ್ಥನೆಗೆ ಉತ್ತರ ಸಿಕ್ಕಿತ್ತು, ಆಮೇಲೆ ಎಷ್ಟೋ ವರ್ಷ ಅದೇ ಮಾತು ಅದೇ ಹೊತ್ತು ಅಂತ ಹಿಡ್ಕೊಂಡೇ ಇದ್ದೆ, ಒಂದು ದಿನ ತಪ್ಪಿದ್ರೆ ಭಯ. ನಾನು ನಂಬಿದ್ದು ದೇವರನ್ನಲ್ಲ, ಆ ಪ್ರಾರ್ಥನೆನ. 4ನೇ ಪಾಠದಲ್ಲಿ ಒಡಂಬಡಿಕೆ ಮಂಜೂಷನ (ದೇವರ ಆಜ್ಞೆಯ ಕಲ್ಲಿನ ಹಲಗೆ ಇಟ್ಟಿದ್ದ ಪೆಟ್ಟಿಗೆ), ಅದು ಜೊತೆಗಿದ್ರೆ ಗೆಲ್ತೀವಿ ಅಂತ ಯುದ್ಧಕ್ಕೆ ಹೊತ್ಕೊಂಡು ಹೋಗಿ ಇಸ್ರಾಯೇಲ್ಯರ 30,000 ಕಾಲಾಳು ಸತ್ತಿದ್ದೂ (1 ಸಮುವೇಲ 4) ಇದೇ ಜಾಡಿನದು.

ಗಿದ್ಯೋನ ಬಂಗಾರದಲ್ಲಿ ಮಾಡಿಸಿ ಜನ ಪೂಜಿಸೋಕೆ ಶುರು ಮಾಡಿದ ಏಫೋದು (ಯಾಜಕರ ಮೇಲುಡುಪು), ಅರಸ ಯಾರೊಬ್ಬಾಮ ಬೇತೇಲ್ ಮತ್ತು ದಾನ್‌ನಲ್ಲಿ ಇಟ್ಟ ಎರಡು ಕರುಗಳು, ಇವೆಲ್ಲ ಬರುತ್ತೆ, ಚೆನ್ನಾಗೇ ಇದೆ.

ಬೇಜಾರಾಗಿದ್ದು 5ನೇ ಪಾಠ. ಯೆಶಾಯ 44ರಲ್ಲಿ ಒಬ್ಬ ಒಂದೇ ಮರದಲ್ಲಿ ಅರ್ಧ ಉರಿಸಿ ಚಳಿ ಕಾಯಿಸ್ಕೊಂಡು ಉಳಿದರ್ಧಕ್ಕೆ ಅಡ್ಡಬೀಳ್ತಾನಲ್ಲ, ಅದನ್ನ ಪಾಠ ಹೇಳೋರು ಬೇರೆ ಧರ್ಮದೋರನ್ನ ಹೀಯಾಳಿಸೋಕೆ ಬಳಸ್ಕೊಂಡಿದಾರೆ. ಪ್ರವಾದಿಗಳು ಮಾತಾಡ್ತಿದ್ದಿದ್ದು ತಮ್ಮ ಜನರ ಜೊತೆ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದಲ್ಲಿ ಯೆಹೋವನೋ ಬಾಳ್ ದೇವರೋ, ಎಷ್ಟು ದಿನ ಎರಡು ಮನಸ್ಸು ಅಂತ ಕೇಳಿದ್ದೂ ಇಸ್ರಾಯೇಲ್ಯರನ್ನೇ. ಆ ಮಾತು ನಮ್ಮ ಮೇಲೆ ಬೀಳ್ಬೇಕಿತ್ತು, ಪಕ್ಕದೋರ ಮೇಲೆ ತಿರುಗಿಸಿಬಿಟ್ರು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ. ದುರಾಸೆನೇ ವಿಗ್ರಹಾರಾಧನೆ ಅಂತ ಪೌಲ ನೇರವಾಗಿ ಹೇಳೋ ಕೊಲೊಸ್ಸೆ 3:5ಕ್ಕೆ ಐದೇ ನಿಮಿಷ ಕೊಟ್ಟಿದಾರೆ, ನಮಗೆ ಹೆಚ್ಚು ಬೇಕಿದ್ದೇ ಅದು.

ಆಡಿಯೋ ಕ್ಲಿಯರ್ ಆಗಿದೆ, ಡೌನ್‌ಲೋಡ್ ಮಾಡ್ಕೋಬಹುದು, ನೋಟ್ಸ್‌ನಲ್ಲಿ ವಚನದ ನಂಬರ್ ಕೆಲವು ಕಡೆ ತಪ್ಪಿದೆ ಹಾಗಾಗಿ ಬೈಬಲ್ ಪಕ್ಕದಲ್ಲಿಟ್ಕೊಳ್ಳಿ. ಕೊನೇ ಪಾಠದಲ್ಲಿ ಬೈಬಲ್‌ನ ಕೊನೇ ಪುಸ್ತಕ ಪ್ರಕಟನೆಯ 22ನೇ ಅಧ್ಯಾಯ ಬರುತ್ತೆ, ಅಷ್ಟೆಲ್ಲ ದರ್ಶನ ಕಂಡ ಯೋಹಾನನೇ ದೇವದೂತನ ಕಾಲಿಗೆ ಬೀಳ್ತಾನೆ, ಅದೂ ಎರಡನೇ ಸಲ, 19ನೇ ಅಧ್ಯಾಯದಲ್ಲಿ ಒಂದ್ಸಲ ಬೇಡ ಅನ್ನಿಸ್ಕೊಂಡಿದ್ದ. ಆ ಪಾಠನ ಮಾತ್ರ ಬೇರೆ ಕೆಲಸ ಮಾಡ್ತಾ ಕೇಳ್ಬೇಡಿ, ಕೂತು ಕೇಳಿ.